ನಕಾಶೆ ಕೋಣೆಗೆ ಬಂದ ಹುಡುಗಿ

ಭೂಗೋಳ ವಿಭಾಗದ ಹಿಂದಿದ್ದ ನಕಾಶೆ ಕೋಣೆಯ ಮಾತು ಬಂದರೆ ಅಲ್ಲಿ ಪಾಠ ಮಾಡುತ್ತಿದ್ದ ಮೇಡಂಗೆ ಇಂದಿಗೂ ಕಣ್ಣು ಅರಳುತ್ತದೆ. ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿ ಹುಟ್ಟಿದ್ದೇ ಅಲ್ಲಿ. ಕುಂಟುವ ಮೇಜು, ಗೋಡೆಗೊರಗಿದ ಸುರುಳಿ ನಕಾಶೆಗಳು, ಕಿರುಗುಡುವ ಫ್ಯಾನು. ಕುಲಪತಿಗಳು ಯಾವುದೋ ಸಮ್ಮೇಳನದಿಂದ ಬಂದವರೇ, "ನಮ್ಮಲ್ಲೂ ಹೊರದೇಶದ ಮಕ್ಕಳು ಓದ್ಬೇಕು, ನೀವೇ ನೋಡ್ಕೊಳ್ಳಿ" ಎಂದು ಮೇಡಂಗೆ ಬೀಗದ ಕೈ ಕೊಟ್ಟಿದ್ದರು.

ಮೊದಮೊದಲು ಹೊರದೇಶದ ವಿಶ್ವವಿದ್ಯಾಲಯಗಳ ಜೊತೆ ಬರೀ ಒಪ್ಪಂದಗಳ ಸುರಿಮಳೆ. ಕೈಕುಲುಕುವ ಫೋಟೊಗಳಿಂದ ಗೋಡೆ ತುಂಬಿತು, ವಿದ್ಯಾರ್ಥಿ ಮಾತ್ರ ಒಬ್ಬರೂ ಬರಲಿಲ್ಲ. "ಮಂಟಪ ರೆಡಿ, ಹೆಣ್ಣೂ ಇಲ್ಲ ಗಂಡೂ ಇಲ್ಲ" ಎಂದು ಇತಿಹಾಸದ ಮೇಷ್ಟ್ರು ರೇಗಿಸುತ್ತಿದ್ದರು.

ಕೊನೆಗೊಬ್ಬಳು ಬಂದಳು. ಚಳಿದೇಶದ ಹುಡುಗಿ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಹಾಸ್ಟೆಲಿನವರು ಜಿರಾಫೆ ಎಂದು ಹೆಸರಿಟ್ಟರು. ಎಲ್ಲರೂ ನೋಡಿದರು, ಯಾರೂ ಮಾತಾಡಿಸಲಿಲ್ಲ. ತಿಂಗಳು ತುಂಬುವಷ್ಟರಲ್ಲಿ ಪೆಟ್ಟಿಗೆ ಕಟ್ಟಿಕೊಂಡು ನಕಾಶೆ ಕೋಣೆಗೆ ಬಂದು ಅತ್ತೇಬಿಟ್ಟಳು. ಏನೂ ತೋಚದೆ ಮೇಡಂ ಅವಳನ್ನು ತಮ್ಮ ಮನೆಗೆ ಕರೆದೊಯ್ದರು.

ಮನೆಯಲ್ಲಿ ಅತ್ತೆ ಇದ್ದರು. ಮಾವ ತೀರಿಕೊಂಡ ಮೇಲೆ ಹ್ಞೂಂ, ಊಹ್ಞೂಂ ಬಿಟ್ಟು ಅವರ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಅವರು ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಯ್ಯೋ, ಇಷ್ಟುದ್ದ ಇದ್ದೀಯಲ್ಲೇ! ಆ ಅಟ್ಟದ ಡಬ್ಬಿ ಇಳಿಸು ಮಗಾ. ನಮ್ಮನೆಯವ್ರು ಹೋದ್ಮೇಲೆ ಯಾರ ಕೈಗೂ ಎಟುಕಿಲ್ಲ."

ಹುಡುಗಿಗೆ ಮಾತು ತಿಳಿಯಲಿಲ್ಲ, ಬೆರಳು ತಿಳಿಯಿತು. ಡಬ್ಬಿಯ ತುಂಬ ಹಳೆಯ ಅಂಗಿ ಗುಂಡಿಗಳು. ಇಬ್ಬರೂ ನೆಲದ ಮೇಲೆ ಕೂತು ಬಣ್ಣ ವಿಂಗಡಿಸತೊಡಗಿದರು.

"ಕೆಂಪು" ಎಂದರು ಅತ್ತೆ.

"ಕೆಂಪು" ಎಂದಳು ಹುಡುಗಿ.

ಮೇಡಂ ಬಾಗಿಲಲ್ಲೇ ನಿಂತುಬಿಟ್ಟರು.

ಹುಡುಗಿ ಅವರ ಮನೆಯಲ್ಲೇ ಉಳಿದಳು. ಆ ವರ್ಷ ಮೇಡಂ ಹೊಸ ಯೋಜನೆ ಬರೆದರು. ಸದ್ಯಕ್ಕೆ ಹೊಸ ಒಪ್ಪಂದ ಬೇಡ, ಬಂದವರಿಗೆ ಒಂದು ಮನೆ, ಒಬ್ಬ ಸಹಪಾಠಿ ಇರಲಿ, ನಮ್ಮ ಮಕ್ಕಳೂ ಹೊರದೇಶಕ್ಕೆ ಓದಲು ಹೋಗಲಿ.

"ಕಾರ್ಯತಂತ್ರ ಅಂದ್ರೆ ಮನೆ ಹುಡುಕೋದಾ ಮೇಡಂ?" ಎಂದು ಕುಲಪತಿಗಳು ನಕ್ಕರು.

"ಬಂದೋರು ಉಳಿದ್ರೆ ತಾನೇ ಸಾರ್ ಇನ್ನೊಬ್ರು ಬರೋದು?"

ಕುಲಪತಿಗಳು ಅರೆಮನಸ್ಸಿನಿಂದಲೇ ಒಪ್ಪಿದರು. ಮರುವರ್ಷ ಒಂದು ಗುಂಪೇ ಬಂತು.

ಓದು ಮುಗಿಸಿ ಊರಿಗೆ ಹೊರಡುವ ದಿನ ಜಿರಾಫೆ ಅತ್ತೆಯ ಕೈ ಹಿಡಿದು, "ಊಟ ಬಿಡ್ಬೇಡಿ ಅಜ್ಜಿ" ಎಂದು ಗದರಿದಳು.

"ನೋಡೇ, ನಂಗೇ ಜೋರು ಮಾಡ್ತಾಳೆ!" ಅತ್ತೆ ನಗುನಗುತ್ತಲೇ ಕಣ್ಣೊರೆಸಿಕೊಂಡರು.

ಈಗ ಅತ್ತೆ ಇಲ್ಲ. ಕಚೇರಿಗೆ ಗಾಜಿನ ಕಟ್ಟಡವಾಗಿದೆ, ಮೇಡಂ ನಿವೃತ್ತರಾಗಿದ್ದಾರೆ. ಆ ಹುಡುಗಿ ತನ್ನ ದೇಶದ ವಿಶ್ವವಿದ್ಯಾಲಯದಲ್ಲಿ ಇಂಥದೇ ಕಚೇರಿಗೆ ಮುಖ್ಯಸ್ಥೆ. ಅವಳು ಕಳಿಸಿದ ಹುಡುಗನೊಬ್ಬ ಈ ವರ್ಷ ಮೇಡಂ ಮನೆಯಲ್ಲಿದ್ದಾನೆ. ಬಚ್ಚಲಿಗೆ ಹೋದರೆ ಈಚೆ ಬರುವುದೇ ಇಲ್ಲ ಎಂದು ಮೇಡಂ ಅವಳಿಗೆ ಫೋನಿನಲ್ಲಿ ದೂರು ಹೇಳುತ್ತಾರೆ.

"ಬೈರಿ ಮೇಡಂ, ಮನೆ ಮಗ ತಾನೇ" ಎನ್ನುತ್ತಾಳೆ ಅವಳು.