ನಾಲ್ಕು ವರ್ಷದ ಯಜಮಾನ್ರು

ಅಕ್ಕೂರಿನ ಶ್ರುತಿಗೆ ಇಬ್ಬರು ಮಕ್ಕಳು. ದೊಡ್ಡವಳು ರಕ್ಷಿತಾ, ಮೂರನೇ ಕ್ಲಾಸು. ಅವಳು ಮನೆ ಹರಡಿದರೆ ಒಂದು ಬೈಗುಳ ಸಾಕು, ಮೂತಿ ಉಬ್ಬಿಸಿಕೊಂಡಾದರೂ ಎತ್ತಿಡುತ್ತಾಳೆ. ಕಿರಿಯವನದು ಬೇರೆಯೇ ಕಥೆ. ಅವನಿಗೆ ನಾಲ್ಕು ವರ್ಷ, ಅವನನ್ನು ಬಯ್ಯುವ ಹಾಗೇ ಇಲ್ಲ. ಯಾಕೆಂದರೆ ಅವನಿಗಿಟ್ಟಿರುವುದು ತೀರಿಕೊಂಡ ತಾತನ ಹೆಸರು, ಪ್ರಭುಲಿಂಗ.

ಶ್ರುತಿಯ ಅತ್ತೆ ಗಿರಿಜಾಂಬ ಗಂಡನ ಹೆಸರನ್ನು ಜೀವಮಾನದಲ್ಲೇ ಬಾಯಲ್ಲಿ ಆಡಿದವರಲ್ಲ. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ಹಿಂದೆ ನಿಂತವರ ಕಡೆ ತಿರುಗಿ, "ನೀವೊಸಿ ಹೇಳ್ರಪ್ಪ" ಎನ್ನುವ ಹೆಂಗಸು. ಇನ್ನು ಶ್ರುತಿ ಮಾವನ ಹೆಸರು ಹಿಡಿದು ಕೂಗುವುದುಂಟೇ? ಅವಳ ಗಂಡ ಶಂಭುಲಿಂಗನಾದರೂ ಅಪ್ಪನ ಹೆಸರಿಗೆ 'ಲೇ' ಸೇರಿಸುವುದು ಹೇಗೆ? ಹಾಗಾಗಿ ತೊಟ್ಟಿಲಲ್ಲಿದ್ದಾಗಿನಿಂದ ಆ ಹುಡುಗ ಎಲ್ಲರಿಗೂ 'ಯಜಮಾನ್ರು'. ಯಜಮಾನ್ರೇ ಊಟಕ್ಕೆ ಬನ್ನಿ, ಯಜಮಾನ್ರೇ ಚಡ್ಡಿ ಹಾಕ್ಕಳಿ. ಅಂಗನವಾಡಿಯಲ್ಲಿ ಟೀಚರು ಪ್ರಭುಲಿಂಗ ಎಂದು ಕರೆದರೆ ಅವನು ತಲೆಯನ್ನೇ ಎತ್ತುವುದಿಲ್ಲ. ಅದು ಗೋಡೆಯ ಮೇಲೆ ವಿಭೂತಿ ಬಳಿದುಕೊಂಡು ಕೂತಿರುವ ತಾತನ ಹೆಸರು ಎಂದೇ ಅವನ ತಿಳಿವಳಿಕೆ.

ಯಜಮಾನಿಕೆ ಅಂದಮೇಲೆ ಕೇಳಬೇಕೆ. ಬುಗುರಿ ಹಾಸಿಗೆಯೊಳಗೆ, ದಿಂಬು ಅಂಗಳದಲ್ಲಿ, ಒಂದು ಚಪ್ಪಲಿ ದೇವರ ಮನೆಯಲ್ಲಿ, ಇನ್ನೊಂದು ಎಲ್ಲಿದೆಯೋ ಆ ಶಿವನಿಗೇ ಗೊತ್ತು. ಕಡಲೆಪುರಿ ತಿನ್ನುತ್ತಾ ಮನೆಯೆಲ್ಲ ಒಂದು ಸುತ್ತು ಬಂದರೆ ಮದುವೆ ದಿಬ್ಬಣ ಹಾದುಹೋದ ದಾರಿ ಥರ ಕಾಣುತ್ತಿತ್ತು. ಶ್ರುತಿ ಗುಡಿಸುತ್ತಾ ಹಿಂದೆ ಬರುತ್ತಿದ್ದಳು, ಅವನು ಮುಂದೆ ಉದುರಿಸುತ್ತಾ ಹೋಗುತ್ತಿದ್ದ. ಅವಳು ಒಮ್ಮೆ ಕಣ್ಣು ಕೆಕ್ಕರಿಸಿದರೂ ಸಾಕು, ಅತ್ತೆ ಅಡ್ಡ ಬರುತ್ತಿದ್ದರು.

"ಆ ಹೆಸರಿನ ಮಗೀಗೆ ಗದರ್ಬ್ಯಾಡ ಕಣವ್ವ. ಅವರಿಗೆ ನೋವಾಯ್ತದೆ."

ಅವರು ಎಂದರೆ ಫೋಟೋದಲ್ಲಿರುವವರು.

ಇಷ್ಟರಲ್ಲೇ ಇದ್ದಿದ್ದರೆ ಶ್ರುತಿ ಹಣೆಬರಹ ಎಂದು ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಅವಳ ಹೊಲಿಗೆ ಮಿಷನ್ನು ಕೊಟ್ಟಿಗೆಯಲ್ಲಿ ಗೋಣಿತಾಟು ಹೊದ್ದು ಕೂತಿತ್ತು. ಮದುವೆಗೆ ಮುಂಚೆ ತವರೂರು ದೊಡ್ಡಮಳೂರಿನಲ್ಲಿ ಅರ್ಧ ಊರಿನ ರವಿಕೆ ಹೊಲಿದವಳು ಅವಳು. ಹೊಸ ಬಟ್ಟೆ ಕಂಡರೆ ಈಗಲೂ ಬೆರಳು ತುರಿಸುತ್ತವೆ. ನಡುಮನೆಯ ಕಿಟಕಿ ಪಕ್ಕ ಒಂದಿಷ್ಟು ಜಾಗ ಕೊಡಿ ಎಂದು ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ. ಅತ್ತೆಯದು ಒಂದೇ ಮಾತು: "ಇರೋ ಮನೇನೇ ಒಪ್ಪವಾಗಿ ಇಟ್ಕಳಕ್ಕಾಗ್ನಿಲ್ಲ, ಅದ್ರ ಮ್ಯಾಲೆ ಚಿಂದಿ ಬ್ಯಾರೆ ಹರಡ್ತೀಯಾ?" ಹರಡುವವನು ಯಾರು, ಬೈಸಿಕೊಳ್ಳುವವಳು ಯಾರು! ಶ್ರುತಿಗೆ ಹೊಟ್ಟೆ ಉರಿದುಹೋಗುತ್ತಿತ್ತು.

ಈ ಸಲ ಮನೆಯಲ್ಲಿ ಸಾಕಿದ ರೇಷ್ಮೆ ಹುಳ ಹಣ್ಣಾಗುವ ವಾರವೇ ಮಾಗಡಿಯಲ್ಲಿ ಗಿರಿಜಾಂಬರ ತಂಗಿಯ ಹೊಸ ಮನೆಯ ಗೃಹಪ್ರವೇಶ ಬಂತು. ಹುಳ ಹಣ್ಣಾಗುವಾಗ ಮನೆ ಬಿಟ್ಟು ಕದಲುವವರಲ್ಲ ಗಿರಿಜಾಂಬ, ಆದರೆ ಒಡಹುಟ್ಟಿದವಳ ಮನೆಗೆ ಹೋಗದಿದ್ದರೆ ಆದೀತೇ? ಬಸ್ಸಿಗೆ ಹೊರಟವರು ಹೊಸಿಲ ಮೇಲೆ ನಿಂತು ಹೇಳಿದರು:

"ನಾನು ಬರೋ ಹೊತ್ಗೆ ಮನೆ ಕಣ್ಣಿಗೊತ್ಕಳಂಗಿರ್ಬೇಕು. ಇತ್ತಾ, ನಿನ್ ಮಿಷನ್ ಒಳೀಕೆ ಬರ್ಲಿ. ಇಲ್ವಾ, ಅದನ್ನ ನಿಮ್ಮವ್ವನ ಮನೇಗೇ ಕಳ್ಸ್ಬುಡು. ಆಮ್ಯಾಕೆ ಅದ್ರ ಮಾತೇ ಎತ್ಬ್ಯಾಡ."

ಶ್ರುತಿ ಸೆರಗು ಸಿಕ್ಕಿಸಿದಳು. ಅಟ್ಟದಿಂದ ಹಿತ್ತಿಲ ತನಕ ಗುಡಿಸಿದಳು, ಸಾರಿಸಿದಳು, ಜೇಡರ ಬಲೆ ತೆಗೆದಳು. ಅತ್ತೆಯ ಬೀರು ತೆರೆದು ಸೀರೆಗಳನ್ನೆಲ್ಲ ಬಿಸಿಲಿಗೆ ಹಾಕಿ, ಮತ್ತೆ ಅಂಚಿಗೆ ಅಂಚು ಕೂಡಿಸಿ ಮಡಿಸಿ ಜೋಡಿಸಿದಳು. ಎಲ್ಲ ಆಯಿತು. ಉಳಿದದ್ದು ಯಜಮಾನ್ರು. ಬಯ್ಯುವ ಹಾಗಿಲ್ಲವಲ್ಲ, ಬೇಡಿಕೊಳ್ಳಬಹುದು. ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಮುಗಿದಳು.

"ಯಜಮಾನ್ರೇ, ನೆಲದ ಮ್ಯಾಲೆ ಏನೇ ಬಿದ್ದಿರ್ಲಿ, ಎತ್ತಿ ಬೀರೂನಾಗೆ ಇಟ್ಬುಡಿ. ಅಷ್ಟು ಮಾಡಿದ್ರೆ ದಿನಾ ಒಂದು ಬೆಲ್ಲದುಂಡೆ."

ಬೆಲ್ಲ ಎಂದೊಡನೆ ಯಜಮಾನ್ರ ಕಿವಿ ನೆಟ್ಟಗಾಯಿತು. ಅಂದಿನಿಂದ ಬುಗುರಿ ಬೀರುವಿಗೆ ಹೋಯಿತು, ಬಳಪ ಹೋಯಿತು, ಅಕ್ಕನ ರಿಬ್ಬನ್ನು ಹೋಯಿತು. ಶ್ರುತಿ ಸಂಜೆ ಅವನ್ನೆಲ್ಲ ತೆಗೆದು ಆಯಾ ಜಾಗಕ್ಕೆ ಇಡುತ್ತಿದ್ದಳು. ನಾಲ್ಕು ವರ್ಷದಲ್ಲಿ ಕಾಣದ ಭಾಗ್ಯ ಎಂದು ಅವಳಿಗೆ ಅಳುವೇ ಬಂದಿತ್ತು.

ಅಷ್ಟರಲ್ಲಿ ಹುಳ ಹಣ್ಣಾಯಿತು. ಹಣ್ಣಾದ ಹುಳಕ್ಕೆ ಸೊಪ್ಪು ಬೇಡ, ಗೂಡು ಕಟ್ಟಲು ಒಂದು ಸಂದು ಬೇಕು. ಅದಕ್ಕೇ ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಸುರುಳಿ ಸುರುಳಿ ಸಂದಿನಲ್ಲಿ ಅವನ್ನು ಬಿಡುವುದು. ಮನೆಯವರೆಲ್ಲ ಎರಡು ದಿನ ಅದರಲ್ಲೇ ಮುಳುಗಿಹೋದರು. ಚಂದ್ರಿಕೆಗಳನ್ನು ಜಗಲಿಗೆ ಒರಗಿಸಿದ್ದರು. ಅಲ್ಲೊಂದು ಇಲ್ಲೊಂದು ಹುಳ ನೆಲಕ್ಕೆ ಬೀಳುತ್ತಿತ್ತು. ಬೀಳುವುದು ವಾಡಿಕೆಯೇ, ಶ್ರುತಿ ಅತ್ತ ಲಕ್ಷ್ಯ ಕೊಡಲಿಲ್ಲ. ಆ ಎರಡು ಸಂಜೆ ಬೀರು ತೆರೆಯಲೂ ಪುರಸೊತ್ತಾಗಲಿಲ್ಲ. ಯಜಮಾನ್ರು ಮಾತ್ರ ತಮ್ಮ ಪಾಡಿಗೆ ತಾವು ಒಳಗೆ ಹೊರಗೆ ಓಡಾಡುತ್ತಿದ್ದರು, ಬೆಲ್ಲದುಂಡೆ ಕೇಳಿ ಕೇಳಿ ಇಸಿದುಕೊಳ್ಳುತ್ತಿದ್ದರು.

ಗಿರಿಜಾಂಬ ಬಂದರು. ಕಾಲು ತೊಳೆದು ಒಳಗೆ ಬಂದವರು ಮನೆಯೆಲ್ಲ ತಿರುಗಿದರು. ಕಿಟಕಿ ಸರಳಿನ ಮೇಲೆ ಬೆರಳು ಎಳೆದರು, ಮಂಚದ ಕೆಳಗೆ ಬಗ್ಗಿದರು, ಒಲೆಯ ಹಿಂದೆ ಇಣುಕಿದರು. ಶ್ರುತಿ ಹಿಂದೆ ಹಿಂದೆಯೇ ನಡೆದಳು. ಕೊನೆಗೆ ಗಿರಿಜಾಂಬ ನಡುಮನೆಯಲ್ಲಿ ನಿಂತು ಕಿಟಕಿ ಪಕ್ಕದ ಜಾಗ ನೋಡಿದರು.

"ಪರ್ವಾಗಿಲ್ಲ" ಎಂದರು.

ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿದ್ದಿಲ್ಲ. ಶ್ರುತಿಗೆ ಮಿಷನ್ನಿನ ಟಕಟಕ ಆಗಲೇ ಕಿವಿಗೆ ಬಿದ್ದಂತಾಯಿತು. ಗಿರಿಜಾಂಬ ಉಟ್ಟ ಸೀರೆ ಬದಲಿಸೋಣವೆಂದು ಬೀರು ತೆರೆದರು.

ಸೀರೆಗಳ ಮಡಿಕೆ ಮಡಿಕೆಯಲ್ಲೂ ಹಳದಿ ರೇಷ್ಮೆ ಗೂಡು. ಶ್ರುತಿ ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದು ಹುಳಗಳಿಗೆ ಚಂದ್ರಿಕೆಗಿಂತ ಅಚ್ಚುಕಟ್ಟಾಗಿ ಕಂಡಿತ್ತು. ಗೂಡು ಕಟ್ಟುವ ಮುಂಚೆ ಹುಳ ಉಚ್ಚೆ ಹೊಯ್ಯುತ್ತದೆ. ಮೇಲೇ ಇದ್ದ ಧಾರೆ ಸೀರೆಯ ಒಡಲ ತುಂಬ ಅದರ ಕಲೆ.

"ನಾನೇ ಎತ್ತಿಟ್ಟಿದ್ದು ಅಜ್ಜಿ" ಎಂದರು ಯಜಮಾನ್ರು ಎದೆಯುಬ್ಬಿಸಿ.

ಗಿರಿಜಾಂಬರ ಮುಖ ಕೆಂಪಾಯಿತು. ಇಷ್ಟು ವರ್ಷ ಗಂಟಲಲ್ಲೇ ಕೂತಿದ್ದದ್ದು ಒಂದೇ ಸಲಕ್ಕೆ ಹೊರಬಂತು.

"ಲೇ ಪ್ರಭುಲಿಂಗ!"

ಶ್ರುತಿ ಕೈಯ ಪೊರಕೆ ಬಿದ್ದುಹೋಯಿತು. ಕೂಗು ಕೇಳಿ ಅವ್ವನಿಗೇನಾಯಿತೋ ಎಂದು ಬಚ್ಚಲಿಂದ ಓಡಿಬಂದ ಶಂಭುಲಿಂಗ ಬಾಗಿಲಲ್ಲೇ ಕಲ್ಲಾದ.

"ಒಂದಿನ, ಒಂದೇ ಒಂದಿನ ಕಾಲ್ತೊಳ್ಕಂಡು ಒಳೀಕೆ ಬಂದಿದ್ದೀಯಾ? ಗದ್ದೆ ಕೆಸರ್ನ ದೇವರ ಮನೆ ಗಂಟ ತುಳ್ಕಂಡ್ ಬರ್ತಿದ್ದೆ. ಒದ್ದೆ ಟವಲ್ ಹಾಸ್ಗೆ ಮ್ಯಾಲೆ. ಬೀಡಿ ಬೂದಿ ಕಾಪಿ ಲೋಟ್ದಾಗೆ. ನಿನ್ ಹಿಂದೆ ಬಾಚ್ಕಂಡು ತಿರ್ಗಕ್ಕೇ ಹುಟ್ಟಿದ್ನೇನ್ಲಾ ನಾನು?"

ಹುಡುಗ ಬೀಡಿ ಸೇದುವುದಿಲ್ಲ ಎಂದು ಹೇಳಬೇಕೆಂದು ಶ್ರುತಿಗೆ ಅನ್ನಿಸಿತು. ಶಂಭುಲಿಂಗ ಹೆಗಲ ಮೇಲಿನ ಒದ್ದೆ ಟವಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

ಯಜಮಾನ್ರು ಮಾತ್ರ ಹೆದರಲಿಲ್ಲ. ಕತ್ತೆತ್ತಿ ಗೋಡೆಯ ಫೋಟೋ ನೋಡಿದರು, ಅಜ್ಜಿಯನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

"ಪಾಪ, ತಾತ ಏನ್ ಮಾಡ್ತು ಅಜ್ಜಿ?"

ಗಿರಿಜಾಂಬ ಮಂಚದ ಮೇಲೆ ಕುಸಿದು ಕೂತು ಸೆರಗು ಮುಖಕ್ಕೆ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಮುಗಿಯಿತು, ಮಿಷನ್ನು ನಾಳೆಯೇ ದೊಡ್ಡಮಳೂರಿಗೆ ಹೊರಟಿತು ಎಂದುಕೊಂಡು ಶ್ರುತಿ ಹತ್ತಿರ ಹೋದರೆ, ಅತ್ತೆ ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು.

"ಮಾಡ್ಬಾರದ್ದೆಲ್ಲ ಮಾಡ್ತು ಕಣಪ್ಪ ನಿಮ್ ತಾತ. ಬಂಗಾರದಂತಾ ಮನ್ಸ. ಆದ್ರೆ ಒಂದ್ ಲೋಟ ಎತ್ತಿಡ್ನಿಲ್ಲ. ನಾನೂ ಒಂದಿನ ಬಯ್ನಿಲ್ಲ. ಅದೇ ನಾ ಮಾಡಿದ್ ತಪ್ಪು."

ಆಮೇಲೆ ಕಣ್ಣೊರೆಸಿಕೊಂಡು ಧಾರೆ ಸೀರೆಯನ್ನು ಸೊಸೆಯ ಮಡಿಲಿಗೆ ಹಾಕಿದರು.

"ಮಿಷನ್ ಒಳೀಕೆ ತರ್ಸು. ಕಲೆ ಆಗಿರೋದ ಕತ್ತರ್ಸ್ಬುಟ್ಟು, ಮಿಕ್ಕಿದ್ರಲ್ಲಿ ರಕ್ಷಿತಾಗೆ ಲಂಗ ಹೊಲಿ. ಬೀರೂನಾಗೆ ಕೊಳೀತಾ ಬಿದ್ದಿದ್ರೆ ಯಾರಿಗೇನ್ ಬಂತು?"

ಮಾರನೇ ದಿನ ಮಿಷನ್ನು ಕಿಟಕಿ ಪಕ್ಕಕ್ಕೆ ಬಂತು. ಶ್ರುತಿ ಸೀರೆ ಹರವಿ ಕತ್ತರಿಗೆ ಕೈ ಹಾಕಿದ್ದಳು, ಮನೆಯಿಡೀ ಚಿಂದಿ. ಗಿರಿಜಾಂಬ ಪೊರಕೆ ಹಿಡಿದು ಅದರ ಬಗ್ಗೆ ತುಟಿಪಿಟಕ್ಕೆನ್ನದೆ ಗುಡಿಸುತ್ತಿದ್ದರು.

"ಪ್ರಭುಲಿಂಗ, ಒಸಿ ಕಾಲೆತ್ತು" ಎಂದರು.

ಹುಡುಗ ತಿರುಗಿ ಹರಡಲು ಬಂದನೇನೋ ಎಂದು ಶ್ರುತಿ ಗಾಬರಿಯಿಂದ ತಲೆಯೆತ್ತಿದಳು. ಹುಡುಗ ಅಂಗನವಾಡಿಗೆ ಹೋಗಿ ಆಗಲೇ ಬಹಳ ಹೊತ್ತಾಗಿತ್ತು. ಅತ್ತೆ ಗುಡಿಸುತ್ತಿದ್ದದ್ದು ಫೋಟೋದ ಕೆಳಗೆ.