ಎಲ್ಲಕ್ಕಿಂತ ಬೆಳ್ಳಗಿನ ಬಣ್ಣ

ಕಮಲಾಪುರದ ಕಿರಿಯ ಮಗನ ಮನೆಯಿಂದ ಬಂದ ಅತ್ತೆ ಚಂದಮ್ಮ ಚೀಲ ಇಳಿಸುವ ಮೊದಲೇ ಕಿರಿಯ ಸೊಸೆಯನ್ನು ಹೊಗಳತೊಡಗಿದರು. "ಬಚ್ಚಲದಾಗ ಟೈಲ್ಸಿನ ಸಂದಿಗಿ ಪ್ರೀತಿ ತಾನೇ ಬೂದಿ ಬಣ್ಣ ಹಚ್ಚ್ಯಾಳವ್ವ. ಹೊಸಾ ಮನಿ ಕಂಡಂಗ ಕಾಣ್ತದ."

ಕುಸನೂರಿನ ಹಿರಿಯ ಸೊಸೆ ಮಹಾನಂದಾ ತನ್ನ ಬಚ್ಚಲಿನ ಸಂದಿಗಳನ್ನೊಮ್ಮೆ ಇಣುಕಿ ನೋಡಿ ಬಂದಳು. ಮರುದಿನವೇ ಸೇಡಂ ರಸ್ತೆಯ ಅಂಗಡಿಗೆ ಹೋದಳು.

"ಬೂದಿ ಬಣ್ಣ ಒಯ್ಯಿರಿ ಅಕ್ಕೋರೆ, ಹೊಲಸು ಕಾಣಂಗಿಲ್ಲ," ಎಂದ ಅಂಗಡಿಯವ.

"ಬೂದಿ ಬ್ಯಾಡ್ರಿ. ಎಲ್ಲಾಕಿಂತ ಬೆಳ್ಳಗಿದ್ದದ್ದು ಕೊಡ್ರಿ."

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗಳನ್ನು ತಿಕ್ಕಿ, ಒಣಗಿಸಿ, ಮೊಣಕಾಲೂರಿ ಗೆರೆ ಗೆರೆಗೂ ಬಣ್ಣ ಹಚ್ಚಿದಳು. ಒಂದು ದಿನ ನೀರು ತಾಗಿಸಬೇಡಿ ಎಂದು ಡಬ್ಬಿಯ ಮೇಲಿತ್ತು. ಅಷ್ಟು ತಾಳ್ಮೆ ಅವಳಿಗೆಲ್ಲಿಯದು? ಸಂಜೆಯೇ ಅತ್ತೆಯನ್ನು ಸ್ನಾನಕ್ಕೆ ಕಳಿಸಿದಳು.

ಚಂದಮ್ಮ ಎಂದಿನಂತೆ ಮೈಗೆಲ್ಲ ಅರಿಶಿನ ತಿಕ್ಕಿಕೊಂಡು ಮಿಂದು ಬಂದರು. ಒಳಗೆ ಇಣುಕಿದ ಮಹಾನಂದಾಗೆ ಅಳುವೇ ಬಂತು. ಸಂದಿಗಳೆಲ್ಲ ಹಳದಿಯಾಗಿದ್ದವು.

"ಅಯ್ಯ, ಅಳ್ತಿ ಯಾಕ?" ಚಂದಮ್ಮ ನಕ್ಕರು. "ಪ್ರೀತಿದೂ ಹಿಂಗೇ ಆಗಿತ್ತು. ಕುಸನೂರ ಅಕ್ಕನ ಬಚ್ಚಲಕಿಂತ ಬೆಳ್ಳಗ ಆಗಬೇಕಂತ ಹಟ ಹಿಡದು ಮೊದಲು ಬಿಳೇದೇ ಹಚ್ಚಿದ್ಲು. ನಾ ಜಳಕಾ ಮಾಡಿದ ಮ್ಯಾಲ ಅದರ ಮ್ಯಾಲ ಬೂದಿ ಬಣ್ಣ ಬಳದ್ಲು."

ಮಹಾನಂದಾ ಸೆರಗಿನಿಂದ ಕಣ್ಣೊರೆಸಿಕೊಂಡು ಅತ್ತೆಯ ಹತ್ತಿರ ಸರಿದಳು.

"ಯಾರ ಬಚ್ಚಲಕಿಂತ ಅಂದ್ಲು ಅತ್ತಿ? ಇನ್ನೊಮ್ಮೆ ಹೇಳ್ರಿ."