ತಲೆಕೆಳಗಾದ ಎಲ್ ಮತ್ತು ಮುಗಿಯದ ಐದನೇ ಅಧ್ಯಾಯ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಮೊದಲ ಕರಡಿನಲ್ಲಿ ‘ಶೇಕಡಾ ತೊಂಬತ್ತಾರು’ ಎಂಬ ಅಂಕಿಯಿಂದ ಶುರು ಮಾಡಿದ್ದೆ. ಅಂಕಿಗೆ ಕಷ್ಟಸುಖ ಇರುವುದಿಲ್ಲ, ನೀವು ಎರಡನೇ ಸಾಲಿಗೇ ಎದ್ದು ಹೋಗುತ್ತೀರಿ ಎಂದು ಹರಿದುಹಾಕಿದೆ. ಎರಡನೆಯದರಲ್ಲಿ ಕಿಟಕಿ, ಮುಸ್ಸಂಜೆ, ಆರಿದ ಕಾಫಿ ಇದ್ದವು. (ಆ ಎಕ್ಸ್‌ರೇ ಕೋಣೆಗೆ ಕಿಟಕಿಯೇ ಇಲ್ಲವೆಂದು ಆಮೇಲೆ ಗೊತ್ತಾಯಿತು.) ಹಾಗಾಗಿ ಸಂಶೋಧಕಿಯಿಂದಲೇ ಶುರು ಮಾಡುತ್ತೇನೆ.

೨
ಅವಳದು ಪಿಎಚ್‌ಡಿಯ ನಾಲ್ಕನೇ ವರ್ಷ. ಅರ್ಧ ದಿನ ಕಂಪ್ಯೂಟರ್ ವಿಭಾಗ, ಅರ್ಧ ದಿನ ಆಸ್ಪತ್ರೆ. ಎರಡೂ ಕಡೆ ಅವಳು ‘ಆ ಕಡೆಯವಳು’. ಎದೆಯ ಎಕ್ಸ್‌ರೇ ನೋಡಿ ನ್ಯುಮೋನಿಯಾ ಗುರುತಿಸುವ ಮಾಡೆಲ್ ಒಂದನ್ನು ಸಾಕಿ ಬೆಳೆಸಿದ್ದಾಳೆ. ನೂರಕ್ಕೆ ತೊಂಬತ್ತಾರು ಸಲ ಅದು ಸರಿ. ಸೋಮವಾರ ಪ್ರಬಂಧ ಸಲ್ಲಿಸಬೇಕು.

ಶುಕ್ರವಾರ, ಮಾಡೆಲ್ ಚಿತ್ರದ ಯಾವ ಭಾಗ ನೋಡಿ ಉತ್ತರ ಹೇಳುತ್ತದೆಂದು ಬಣ್ಣದಲ್ಲಿ ತೋರಿಸುವ ಪ್ರೋಗ್ರಾಂ ಓಡಿಸಿದಳು. ಶ್ವಾಸಕೋಶದ ಮೇಲಿರಬೇಕಾದ ಕೆಂಪು ಬಣ್ಣ ಚಿತ್ರದ ಮೂಲೆಯಲ್ಲಿತ್ತು. ಎಡಭಾಗ ಯಾವುದೆಂದು ತಿಳಿಯಲು ಇಡುವ ಸೀಸದ ಇಂಗ್ಲಿಷ್ ‘ಎಲ್’ ಅಕ್ಷರದ ಮೇಲೆ. ಕೆಲವು ಚಿತ್ರಗಳಲ್ಲಿ ಅದು ತಲೆಕೆಳಗಾಗಿತ್ತು. ತಲೆಕೆಳಗಾದಲ್ಲೆಲ್ಲ ಮಾಡೆಲ್ ‘ಕಾಯಿಲೆ’ ಎನ್ನುತ್ತಿತ್ತು.

(ಇಲ್ಲಿ ಅವಳು ಅಳಬೇಕೆಂದು ಬರೆದಿದ್ದೆ. ಅವಳು ಒಪ್ಪಲಿಲ್ಲ. ಎದ್ದು ಎಕ್ಸ್‌ರೇ ಕೋಣೆಗೆ ಹೋದಳು.)

೩
ಅಲ್ಲಿನ ಟೆಕ್ನಿಷಿಯನ್ನನ್ನು ಎಲ್ಲರೂ ಕರೆಯುವುದು ಉಸಿರಣ್ಣ ಎಂದೇ. ಇಪ್ಪತ್ತೆಂಟು ವರ್ಷಗಳಿಂದ ‘ಉಸಿರು ಎಳ್ಕೊಳಿ, ಹಿಡ್ಕೊಳಿ, ಬಿಡಿ’ ಬಿಟ್ಟರೆ ಮಾತು ಕಮ್ಮಿ.

“ಅಣ್ಣ, ಎಲ್ ಯಾಕೆ ಒಂದೊಂದ್ಸಲ ಉಲ್ಟಾ ಇರತ್ತೆ?”

“ಉಸಿರು ಹಿಡಿಯೋಕೆ ಆಗದೋರಿಗೆ ಹಾಗಿಡ್ತೀನಮ್ಮ. ಡಾಕ್ಟ್ರು ಮೊದ್ಲು ನೋಡ್ಲಿ ಅಂತ.”

“ಡಾಕ್ಟ್ರಿಗೆ ಗೊತ್ತಾ?”

“ಹಳೇ ಡಾಕ್ಟ್ರಿಗೆ ಗೊತ್ತಿತ್ತು. ಅವ್ರು ಹೋಗಿ ಒಂಬತ್ತು ವರ್ಷ ಆಯ್ತು.”

“ಹೊಸಬರಿಗೆ ಹೇಳಿಲ್ವಾ?”

“ಅವ್ರು ಕೇಳ್ಲಿಲ್ಲ.”

“ಒಂಬತ್ತು ವರ್ಷದಲ್ಲಿ ಅದನ್ನ ಓದಿದ್ದು ನನ್ನ ಮಾಡೆಲ್ ಒಂದೇ ಅಣ್ಣ.”

ಉಸಿರಣ್ಣ ಸೀಸದ ಎಲ್ ಅನ್ನು ಅಂಗಿಗೆ ಒರೆಸಿದರು. “ಹಾಗಾದ್ರೆ ಜಾಣ ಇದೆ ಬಿಡು.”

೪
ಚಿತ್ರಗಳ ಮೂಲೆಗಳನ್ನೆಲ್ಲ ಮುಚ್ಚಿ ಮತ್ತೆ ಮಾಡೆಲನ್ನು ತರಬೇತುಗೊಳಿಸಿದಳು. ತೊಂಬತ್ತಾರು ಇದ್ದದ್ದು ಎಪ್ಪತ್ತೊಂದಕ್ಕೆ ಇಳಿಯಿತು.

ಅವಳ ಪಿಎಚ್‌ಡಿ ಗೈಡ್ ಕನ್ನಡಕ ಒರೆಸಿಕೊಂಡರು. “ಮೂಲೆ ಯಾರು ನೋಡ್ತಾರೆ? ಮೊದ್ಲು ಸಬ್ಮಿಟ್ ಮಾಡು, ಆಮೇಲೆ ಪ್ರಾಮಾಣಿಕಳಾಗು.”

ಕೊನೆ ‘ಅ’: ಅವಳು ಸುಮ್ಮನಿರುತ್ತಾಳೆ. ಡಾಕ್ಟರೇಟ್ ಬರುತ್ತದೆ. ಚಪ್ಪಾಳೆ.

“ಈ ಕೊನೆ ನಂಗೆ ಬೇಡ,” ಎಂದಳು ಸಂಶೋಧಕಿ. ನನಗೇ.

“ಯಾಕಮ್ಮ? ಚೆನ್ನಾಗಿಯೇ ಇದೆಯಲ್ಲ.”

“ಬೇರೆ ಆಸ್ಪತ್ರೇಲಿ ಉಸಿರಣ್ಣ ಇರಲ್ಲ. ಅಲ್ಲಿ ಎಲ್ ಎಲ್ಲಾ ನೆಟ್ಟಗಿರತ್ತೆ. ನನ್ನ ಮಾಡೆಲ್ ಎಲ್ರಿಗೂ ‘ಏನಿಲ್ಲ, ಮನೆಗೆ ಹೋಗಿ’ ಅನ್ನತ್ತೆ. ನೀವು ಬರ್ದು ಕೈತೊಳ್ಕೊತೀರಿ.”

(ಕೈತೊಳೆದುಕೊಳ್ಳುವ ಉದ್ದೇಶವೇ ಇತ್ತು. ಒಪ್ಪಿಕೊಳ್ಳುತ್ತೇನೆ.)

ಕೊನೆ ‘ಆ’: ಪ್ರಬಂಧದ ಐದನೇ ಅಧ್ಯಾಯದಲ್ಲಿ ಎಪ್ಪತ್ತೊಂದು ಎಂದೇ ಬರೆಯುತ್ತಾಳೆ. ಗೈಡ್ ಇನ್ನೊಂದು ವರ್ಷ ಬೇಕು ಎನ್ನುತ್ತಾರೆ. ಅವಳ ಅಮ್ಮ ಫೋನಿನಲ್ಲಿ, “ಯಂತ್ರಕ್ಕೆ ಬುದ್ಧಿ ಬರೋಕೆ ಇನ್ನೆಷ್ಟು ವರ್ಷ ಬೇಕಂತೆ?” ಎಂದು ಕೇಳುತ್ತಾರೆ. ಇದಕ್ಕೆ ಅವಳು ಒಪ್ಪಿದಳು. ಅಧ್ಯಾಯ ತಿದ್ದಿಯೂ ಆಯಿತು. ಇಲ್ಲಿಗೆ ಮುಗಿಸಬಹುದಿತ್ತು.

೫
ಆದರೆ ಸೋಮವಾರ ಬೆಳಿಗ್ಗೆ ಅವಳು ಮತ್ತೆ ಎಕ್ಸ್‌ರೇ ಕೋಣೆಯಲ್ಲಿದ್ದಾಳೆ. ಎಕ್ಸ್‌ರೇ ತಟ್ಟೆಗೆ ಎದೆ ಒತ್ತಿ ಟೈಲರ್ ಒಬ್ಬರು ನಿಂತಿದ್ದಾರೆ. ಕೊರಳಲ್ಲಿದ್ದ ಅಳತೆ ಟೇಪು ಈಗ ಕುರ್ಚಿಯ ಮೇಲಿದೆ.

“ಉಸಿರು ಹಿಡ್ಕೊಳಿ.”

“ಆಗ್ತಿಲ್ಲಪ್ಪಾ.”

ಉಸಿರಣ್ಣನ ಕೈಯಲ್ಲಿ ಸೀಸದ ಎಲ್. ಅವರು ಅವಳ ಕಡೆ ತಿರುಗಿದರು. “ಹೇಗಿಡ್ಲಿ?”

“ನೆಟ್ಟಗಿಡಿ ಅಣ್ಣ. ಡಾಕ್ಟ್ರಿಗೆ ನಾನು ಬಾಯಲ್ಲೇ ಹೇಳ್ತೀನಿ.” ಗೋಡೆಯ ಫೋನ್ ಎತ್ತಿ ಡಾಕ್ಟರ ಕೋಣೆಯ ನಂಬರ್ ಒತ್ತಿದಳು.

ರಿಂಗ್ ಆಗುತ್ತಿದೆ.

ಮೂರನೇ ಕೊನೆಯೊಂದನ್ನು ಬರೆಯಲು ನೋಡಿದೆ. ಅವಳು ಬಾಯಿಗೆ ಬೆರಳಿಟ್ಟು ನನ್ನನ್ನು ಸುಮ್ಮನಿರಿಸಿದಳು. ಇನ್ನೂ ರಿಂಗ್ ಆಗುತ್ತಿದೆ. ಟೈಲರ್ ತಟ್ಟೆಯನ್ನು ತಬ್ಬಿ ನಿಂತೇ ಇದ್ದಾರೆ. ಅತ್ತ ಯಾರಾದರೂ ಎತ್ತುವ ತನಕ ನಾನು ಪೆನ್ನಿನ ಮುಚ್ಚಳ ಹಾಕುವಂತಿಲ್ಲ.